ಗುಂಡು ತುಂಬುವ ಗಳಿಗೆ

ಹುಮನಾಬಾದಿನಿಂದ ಸೊಲ್ಲಾಪುರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ರಾಜೇಶ್ವರ ಸಿಗುತ್ತದೆ. 1948ರ ಸೆಪ್ಟೆಂಬರ್ 14ರಂದು, ಹೈದರಾಬಾದ್ ಸಂಸ್ಥಾನದ ಮೇಲಿನ ‘ಪೊಲೀಸ್ ಕಾರ್ಯಾಚರಣೆ’ಯ ಎರಡನೇ ದಿನ, ಉಮರ್ಗಾದಿಂದ ಬಂದ ಭಾರತೀಯ ಸೇನೆ ಈ ಊರನ್ನು ವಶಕ್ಕೆ ತೆಗೆದುಕೊಂಡಿತು. ದಾರಿಯಲ್ಲಿದ್ದ ಹೊಂಚಿನ ನೆಲೆಗಳನ್ನು ಟೆಂಪೆಸ್ಟ್ ವಿಮಾನಗಳು ಮೊದಲೇ ತೆರವು ಮಾಡಿದ್ದವು. ಈ ಭಾಗದ ಇತಿಹಾಸ ಓದುವಾಗ ನನ್ನನ್ನು ಕಾಡಿದ್ದು ವಿಮಾನವಲ್ಲ, ಆಗಿನ ಪದಾತಿಯ ಸಾಮಾನ್ಯ ಬಂದೂಕಾದ ಲೀ-ಎನ್‌ಫೀಲ್ಡ್‌ನ ಒಂದು ಪುಟ್ಟ ತುಣುಕು.

ಅದು ಐದು ಗುಂಡುಗಳನ್ನು ಬುಡದಲ್ಲಿ ಹಿಡಿದಿಡುವ ಲೋಹದ ಪಟ್ಟಿ. ಹೆಸರು ಸ್ಟ್ರಿಪ್ಪರ್ ಕ್ಲಿಪ್. ಸೈನಿಕರ ಮಾತಿನಲ್ಲಿ ಚಾರ್ಜರ್. ಬೋಲ್ಟ್ ಹಿಂದಕ್ಕೆಳೆದು, ಪಟ್ಟಿಯನ್ನು ಮೇಲಿನ ಗಾಡಿಯಲ್ಲಿ ನಿಲ್ಲಿಸಿ, ಹೆಬ್ಬೆರಳಿನಿಂದ ಒತ್ತಿದರೆ ಐದೂ ಗುಂಡುಗಳು ಒಳಗಿಳಿಯುತ್ತವೆ. ಇಂಥ ಎರಡು ಪಟ್ಟಿಗಳಿಗೆ ಹತ್ತು ಗುಂಡುಗಳ ಮ್ಯಾಗಜಿನ್ ಭರ್ತಿ. ಆದರೂ ಲೀ-ಎನ್‌ಫೀಲ್ಡ್‌ನಲ್ಲಿ ಪ್ರತಿ ಗುಂಡಿಗೂ ಬೋಲ್ಟ್ ಎಳೆಯಬೇಕಿತ್ತು. ಸೋವಿಯತ್ ಎಸ್‌ಕೆಎಸ್‌ನಂಥ ಅರೆ-ಸ್ವಯಂಚಾಲಿತ ಬಂದೂಕು ಆ ಕೆಲಸವನ್ನೂ ತಾನೇ ಮಾಡಿತು. ಕ್ಲಿಪ್ಪಿನಲ್ಲಿ ಹತ್ತು ಗುಂಡು. ಅಲ್ಲಿ ಕೈಗೆ ಉಳಿದ ಬಿಡುವು ತುಂಬುವ ಗಳಿಗೆಯೊಂದೇ.

ನನ್ನ ಪ್ರಶ್ನೆ ಇದು: ಹತ್ತು ಸಲ ಗುಂಡು ಹಾರಿಸಿದವನು ಮಾಡಿದ್ದು ಒಂದು ನಿರ್ಧಾರವೇ, ಹತ್ತೇ?

ಜಲಿಯನ್‌ವಾಲಾ ಬಾಗ್‌ನಲ್ಲಿ 50 ಬಂದೂಕುಗಳು ಸುಮಾರು ಹತ್ತು ನಿಮಿಷ ಸಿಡಿದವು. ಲೆಕ್ಕ ಸಿಕ್ಕ ಗುಂಡುಗಳು 1650. ತಲಾ ಸರಾಸರಿ 33. ಹತ್ತು ಗುಂಡು ತುಂಬಿಕೊಂಡೇ ಬಂದವನೂ ಆ ಸಂಖ್ಯೆ ಮುಟ್ಟಲು ಇನ್ನೂ ಐದು ಚಾರ್ಜರ್ ಒತ್ತಬೇಕು. ಮೊದಲ ಗುಂಡನ್ನು ಆಜ್ಞೆಗೆ, ಭಯಕ್ಕೆ ಜಮಾ ಮಾಡಬಹುದು. ಐದನೇ ಚಾರ್ಜರನ್ನು? ಅಷ್ಟರಲ್ಲಿ ಎದುರಿನವರು ಓಡುತ್ತಿದ್ದುದು ಅವನಿಗೆ ಕಂಡಿರುತ್ತದೆ.

ತರಬೇತಿಯ ಕೆಲಸವೇ ಆ ಗಳಿಗೆಯನ್ನು ಖಾಲಿ ಮಾಡುವುದು, ಕೈ ತಾನಾಗಿ ತುಂಬುತ್ತದೆ, ಮನಸ್ಸು ಅಲ್ಲಿರುವುದಿಲ್ಲ ಎನ್ನಬಹುದು. ಆದರೆ 1930ರ ಏಪ್ರಿಲ್ 23ರಂದು ಪೇಶಾವರದಲ್ಲಿ ಚಂದ್ರ ಸಿಂಗ್ ಗಢ್‌ವಾಲಿ ಮತ್ತು ಅವರ ಸಂಗಡಿಗರು ನಿರಾಯುಧ ಜನರ ಮೇಲೆ ಗುಂಡು ಹಾರಿಸಲು ಒಪ್ಪಲಿಲ್ಲ. ಅವರಿಗೂ ಅದೇ ಸೇನೆಯ ತರಬೇತಿ ಆಗಿತ್ತು. ಕವಾಯತು ಮನಸ್ಸನ್ನು ಹಿಂದಕ್ಕೆ ತಳ್ಳಬಹುದು, ಇಲ್ಲವಾಗಿಸಲಾರದು.

ಇನ್ನೊಂದು ಆಕ್ಷೇಪ ಹೆಚ್ಚು ಕಠಿಣ. ಅದು ನಮ್ಮ ನೆಲದ್ದೇ. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣದ ಬಳಿಯ ಗೋರ್ಟಾದಲ್ಲಿ ರಜಾಕಾರರು ಹತ್ಯಾಕಾಂಡ ನಡೆಸಿದರು. ಸೇನೆ ಬಂದ ಮೇಲೆ ಬೀದರ್ ಸೇರಿದಂತೆ ಹಲವು ಜಿಲ್ಲೆಗಳಲ್ಲಿ ಮುಸ್ಲಿಮರ ಕೊಲೆಗಳಾದವು. ಪಂಡಿತ್ ಸುಂದರಲಾಲ್ ಸಮಿತಿ ಅದನ್ನು ದಾಖಲಿಸಿತು, ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. ಕತ್ತಿಗೆ, ಬೆಂಕಿಗೆ ಯಾವ ಕ್ಲಿಪ್ಪೂ ಬೇಕಿಲ್ಲ. ಕತ್ತಿ ಎತ್ತುವವನಿಗೆ ಪ್ರತಿ ಏಟಿನ ನಡುವೆಯೂ ಬಿಡುವಿರುತ್ತದೆ. ಆ ಬಿಡುವು ಯಾರನ್ನೂ ಉಳಿಸಲಿಲ್ಲ.

ಹಾಗಾದರೆ ಬಿಡುವಿಗೆ ಬೆಲೆಯೇನು? ಅದು ಮನುಷ್ಯನನ್ನು ಒಳ್ಳೆಯವನನ್ನಾಗಿ ಮಾಡುವುದಿಲ್ಲ, ಇಷ್ಟು ಒಪ್ಪಲೇಬೇಕು. ಅದು ಮಾಡುವುದು ಬೇರೆ ಕೆಲಸ: ‘ನನಗೆ ಗೊತ್ತಾಗಲೇ ಇಲ್ಲ’ ಎಂಬ ನೆಪವನ್ನು ಕಸಿದುಕೊಳ್ಳುತ್ತದೆ. ಬಿಡುವನ್ನು ಕಿರಿದಾಗಿಸುವ ಪ್ರತಿಯೊಂದು ಸಾಧನವೂ ಆ ನೆಪವನ್ನು ಕೊಲ್ಲುವವನಿಗೆ ಮರಳಿಸುತ್ತದೆ. ಸೈನಿಕನ ಜೀವ ಉಳಿಸುವ ವೇಗವೂ ಅದೇ ಎಂಬುದು ನಿಜ. ಅದಕ್ಕೇ ಈ ಲೆಕ್ಕ ಸುಲಭವಲ್ಲ.

ಗೋಲಿಬಾರಾದಾಗಲೆಲ್ಲ ನಾವು ಕೇಳುವುದು, ಆದೇಶ ಕೊಟ್ಟವರು ಯಾರು ಎಂದು. ಕೇಳಲೇಬೇಕು. ಜೊತೆಗೆ, ಎಷ್ಟು ಸಲ ಗುಂಡು ತುಂಬಲಾಯಿತು ಎಂದೂ ಕೇಳಬೇಕು. ಆದೇಶ ಮೇಲಿನಿಂದ ಬಂದಿರಬಹುದು. ಪಟ್ಟಿ ಒತ್ತಿದ ಹೆಬ್ಬೆರಳು ಮಾತ್ರ ಪ್ರತಿ ಸಲವೂ ಒಬ್ಬನದೇ.