ತಪ್ಪಿನ ಪಾಲು, ಪರಿಹಾರದ ಪಾಲು

ಒಬ್ಬನ ಅಜಾಗರೂಕತೆಯಿಂದ ಇನ್ನೊಬ್ಬನಿಗೆ ಹಾನಿಯಾದಾಗ, ನೊಂದವನದೂ ಸ್ವಲ್ಪ ತಪ್ಪಿದ್ದರೆ ಅವನಿಗೆ ಪರಿಹಾರ ಸಲ್ಲಬೇಕೆ? ಇದು ಕೇವಲ ಕಾನೂನಿನ ಪ್ರಶ್ನೆಯಲ್ಲ. ನೀತಿಯ ಪ್ರಶ್ನೆಯೂ ಹೌದು.

ಇಂಗ್ಲೆಂಡಿನ ಡರ್ಬಿಯಲ್ಲಿ ಒಬ್ಬನು ಮನೆಯ ದುರಸ್ತಿಗಾಗಿ ದಾರಿಯ ಒಂದು ಭಾಗಕ್ಕೆ ಅಡ್ಡಲಾಗಿ ಕಂಬವನ್ನಿಟ್ಟಿದ್ದನು. ಮುಸ್ಸಂಜೆಯಲ್ಲಿ ಕುದುರೆಯನ್ನು ಅತಿವೇಗದಿಂದ ಓಡಿಸುತ್ತ ಬಂದವನು ಅದಕ್ಕೆ ತಗುಲಿ ಬಿದ್ದು ಗಾಯಗೊಂಡನು. ಎಚ್ಚರದಿಂದ ಬಂದಿದ್ದರೆ ಕಂಬವು ಕಾಣುತ್ತಿತ್ತೆಂದು 1809ರಲ್ಲಿ ನ್ಯಾಯಾಲಯವು ಅವನಿಗೆ ಒಂದು ಕಾಸನ್ನೂ ಕೊಡಿಸಲಿಲ್ಲ. ಕಂಬವಿಟ್ಟವನು ಪೂರ್ಣವಾಗಿ ಪಾರಾದನು. ಅಲ್ಲಿಯ 1945ರ ಶಾಸನವು ಈ ಕಠೋರತೆಯನ್ನು ತೊಡೆದು, ತಪ್ಪಿನ ಪ್ರಮಾಣಕ್ಕೆ ತಕ್ಕಂತೆ ಪರಿಹಾರವನ್ನು ತಗ್ಗಿಸುವ ನಿಯಮವನ್ನು ತಂದಿತು. ನಮ್ಮ ನ್ಯಾಯಾಲಯಗಳೂ ಈ ತತ್ತ್ವವನ್ನೇ ಅನುಸರಿಸುತ್ತವೆ. ಲಕ್ಷ ರೂಪಾಯಿಯ ಹಾನಿಯಲ್ಲಿ ನೊಂದವನ ತಪ್ಪು ಕಾಲುಭಾಗವಾದರೆ ಅವನಿಗೆ 75,000 ರೂಪಾಯಿ ಸಲ್ಲುತ್ತದೆ.

ಆದರೆ ತೂಗಬೇಕಾದ ತಪ್ಪು ಯಾವುದು? ಒಂದೇ ಮೋಟಾರ್ ಸೈಕಲ್ಲಿನಲ್ಲಿ ಮೂವರು ಹೋಗುತ್ತಿದ್ದಾಗ ಹಿಂದಿನಿಂದ ಕಾರು ಢಿಕ್ಕಿ ಹೊಡೆದು ಒಬ್ಬ ಯುವಕನು ಮಡಿದನು. ಮೂವರು ಕುಳಿತದ್ದಕ್ಕಾಗಿ ದೆಹಲಿಯ ಉಚ್ಚ ನ್ಯಾಯಾಲಯವು ತಂದೆತಾಯಿಗಳಿಗೆ ಸಲ್ಲುವ ಪರಿಹಾರದಲ್ಲಿ ಶೇಕಡಾ 10ನ್ನು ಕಳೆಯಿತು. 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಒಪ್ಪಲಿಲ್ಲ. ನಿಯಮಭಂಗವು ನಿಜ, ಆದರೆ ಅದು ಅಪಘಾತಕ್ಕಾಗಲಿ, ಅದರ ಪೆಟ್ಟಿಗಾಗಲಿ ಕಾರಣವಾಯಿತೆಂದು ಸಿದ್ಧವಾಗದೆ ಕಡಿತವು ಸಲ್ಲದೆಂದಿತು.

ವಾಚಕರು ಇಲ್ಲಿಯ ವಿವೇಕವನ್ನು ಗಮನಿಸಬೇಕು. ನೊಂದವನಲ್ಲಿ ದೋಷವನ್ನು ಹುಡುಕುವುದು ಸುಲಭ. ಆ ದೋಷವೇ ನೋವಿಗೆ ಕಾರಣವೆ ಎಂದು ಕೇಳುವವರು ವಿರಳ. ಪರರ ತಪ್ಪು ನಮ್ಮ ತಪ್ಪನ್ನು ತೊಳೆಯಲಾರದು. ನಮ್ಮ ಪಾಲನ್ನು ನಾವೇ ಹೊರುವುದು ಧರ್ಮ.