ಬೀದಿಯ ದೀಪ ಯಾರ ಸೊತ್ತು?

ಸಂಗ್ರಹಬುದ್ಧಿಯು ಗುಣವೋ ದೋಷವೋ ಎಂಬ ಪ್ರಶ್ನೆ ಬಹು ಹಳೆಯದು. ಹಣವನ್ನು ಕೂಡಿಡುವವನನ್ನು ಲೋಭಿಯೆನ್ನುತ್ತೇವೆ. ಗ್ರಂಥಗಳನ್ನು ಕೂಡಿಡುವವನನ್ನು ವಿದ್ಯಾಪ್ರೇಮಿಯೆನ್ನುತ್ತೇವೆ. ಕ್ರಿಯೆ ಒಂದೇ, ತೀರ್ಪು ಮಾತ್ರ ಬೇರೆ. ಹಾಗಾದರೆ ಗುಣದೋಷಗಳು ನೆಲಸಿರುವುದು ವಸ್ತುವಿನಲ್ಲೋ, ಅದನ್ನು ಕೂಡಿಡುವವನ ಮನಸ್ಸಿನಲ್ಲೋ? ಇದನ್ನು ವಿಚಾರಿಸಲು ತುಸು ವಿಚಿತ್ರವೆನಿಸುವ ಒಂದು ನಿದರ್ಶನವನ್ನು ತೆಗೆದುಕೊಳ್ಳೋಣ. ಅಮೆರಿಕದಲ್ಲಿ ಹಳೆಯ ಬೀದಿದೀಪಗಳನ್ನು ಸಂಗ್ರಹಿಸಿ, ಬಿಚ್ಚಿ, ಪರೀಕ್ಷಿಸುವ ಹವ್ಯಾಸಿಗಳಿದ್ದಾರೆ. ಅವರು ಅರಸುವುದು ನಾಣ್ಯವನ್ನಲ್ಲ, ಅಂಚೆಚೀಟಿಯನ್ನಲ್ಲ. ಕಂಬದ ತುದಿಯಲ್ಲಿ ಮಳೆಗಾಳಿಗೆ ಮೈಯೊಡ್ಡಿ ನಿಂತಿದ್ದ, ಯಾರೂ ತಲೆಯೆತ್ತಿ ನೋಡದಿದ್ದ ದೀಪದ ಗೂಡುಗಳನ್ನು. ಊರಿಗೆಲ್ಲ ಸೇರಿದ್ದ ದೀಪವನ್ನು ಒಬ್ಬನು ತನ್ನ ಮನೆಯ ಕಪಾಟಿನಲ್ಲಿಟ್ಟುಕೊಂಡರೆ ಅದು ರಕ್ಷಣೆಯೋ, ಅಪಹಾರವೋ?

ಮೊದಲು ಆ ದೀಪಗಳ ಚರಿತ್ರೆಯನ್ನು ಸಂಕ್ಷೇಪವಾಗಿ ನೋಡೋಣ. ಅಮೆರಿಕದಲ್ಲಿ ಅನಿಲದ ದೀಪದಿಂದ ಬೀದಿಯನ್ನು ಮೊದಲು ಬೆಳಗಿಸಿದ ನಗರ ಬಾಲ್ಟಿಮೋರ್. ಅದು 1817ರ ಮಾತು. 1879ರ ಏಪ್ರಿಲ್ 29ರಂದು ಕ್ಲೀವ್‌ಲ್ಯಾಂಡ್ ನಗರದ ಚೌಕದಲ್ಲಿ ಚಾರ್ಲ್ಸ್ ಬ್ರಷ್ ಎಂಬ ತಂತ್ರಜ್ಞನು 12 ಆರ್ಕ್ ದೀಪಗಳನ್ನು ಬೆಳಗಿಸಿದನು. ಎರಡು ಇಂಗಾಲದ ಕಡ್ಡಿಗಳ ನಡುವೆ ವಿದ್ಯುತ್ತು ಹಾರುವಾಗ ಹುಟ್ಟುವ ಕಣ್ಣು ಕೋರೈಸುವ ಬೆಳಕು ಅದು. ಮರುವರ್ಷ ಇಂಡಿಯಾನಾದ ವಬಾಷ್ ಎಂಬ ಸಣ್ಣ ಪಟ್ಟಣವು ತನ್ನ ನ್ಯಾಯಾಲಯದ ಗೋಪುರದ ಮೇಲೆ ಅಂಥವೇ ನಾಲ್ಕು ದೀಪಗಳನ್ನಿಟ್ಟು ಬೆಳಗಿತು. ಟೆಕ್ಸಾಸಿನ ಆಸ್ಟಿನ್ ನಗರದಲ್ಲಿ 1890ರ ದಶಕದಲ್ಲಿ 165 ಅಡಿ ಎತ್ತರದ 31 ದೀಪಗೋಪುರಗಳು ನಿಂತವು. ಜನ ಅವನ್ನು ಬೆಳದಿಂಗಳ ಗೋಪುರಗಳೆಂದು ಕರೆದರು. ಅವುಗಳಲ್ಲಿ ಕೆಲವು ಇಂದಿಗೂ ಉಳಿದಿವೆ. ಈ ಚರಿತ್ರೆ ನಮಗೆ ತೀರ ಹೊರಗಿನದಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ತನ್ನು ಉತ್ಪಾದಿಸಿದ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಬಂದ ಬೆಳಕು ಆ ಜಲಪಾತದ್ದೇ.

ಇನ್ನು ಸಂಗ್ರಹಕಾರನ ಪರೀಕ್ಷೆ. ಅವನ ಮೇಜಿನ ಮೇಲೆ ಬಗೆಬಗೆಯ ಗೂಡುಗಳು. ಕೆಲವು ಪಿಂಗಾಣಿ ಲೇಪದ ಉಕ್ಕಿನ ತಟ್ಟೆಗಳು. ಬೆಳಕನ್ನು ಹರಡಲೆಂದು ಅವುಗಳ ಅಂಚಿನಲ್ಲಿ ಅಲೆಯಲೆಯಾಗಿ ಮಡಿಕೆಗಳು. ಕಳೆದ ಶತಮಾನದ ಉತ್ತರಾರ್ಧದಲ್ಲಿ ಬಂದವುಗಳ ಆಕಾರ ಹೆಡೆಯೆತ್ತಿದ ನಾಗರದಂತೆ. ಅಲ್ಲಿಯ ಜನ ಅವನ್ನು ಕೋಬ್ರಾಹೆಡ್ ಎಂದೇ ಕರೆಯುತ್ತಾರೆ. ಗೂಡಿನ ತಳದಲ್ಲಿ ಒಂದು ಸಣ್ಣ ಬಣ್ಣದ ಚೀಟಿ. ನೀಲಿಯಾದರೆ ಪಾದರಸದ ದೀಪ, ಹಳದಿಯಾದರೆ ಸೋಡಿಯಂ ದೀಪ. ಅದರ ಮೇಲೆ 17 ಎಂದಿದ್ದರೆ 175 ವ್ಯಾಟ್, 40 ಎಂದಿದ್ದರೆ 400 ವ್ಯಾಟ್. ಕೆಳಗೆ ನಿಂತ ಕೆಲಸಗಾರನು ಕಂಬವನ್ನೇರದೆಯೇ ಯಾವ ಬಲ್ಬು ಬೇಕೆಂದು ತಿಳಿಯಲೆಂದು ಮಾಡಿದ ಏರ್ಪಾಡು ಇದು. ಇಷ್ಟು ಸಣ್ಣ ಚೀಟಿಯಲ್ಲಿಯೂ ಒಬ್ಬ ಶ್ರಮಿಕನ ಮೇಲಿನ ಕಾಳಜಿ ಅಡಗಿದೆ. ದೀಪವು ಕಂಬದ ಮೇಲಿದ್ದಾಗ ದಾರಿಹೋಕರಲ್ಲಿ ಅದನ್ನು ಓದಿದವರು ಯಾರು?

ಇದಕ್ಕಿಂತಲೂ ಮನಮುಟ್ಟುವ ವಸ್ತುವೊಂದು ಹಳೆಯ ದೀಪಗಳ ಹೋಲ್ಡರಿನಲ್ಲಿ ಸಿಗುತ್ತದೆ. ಅಂದು ಬೀದಿಯ ದೀಪಗಳನ್ನು ಒಂದೇ ತಂತಿಯಲ್ಲಿ ಹಾರದ ಮಣಿಗಳಂತೆ ಪೋಣಿಸುತ್ತಿದ್ದರು. ಸಾಮಾನ್ಯವಾಗಿ 6.6 ಆಂಪಿಯರ್ ವಿದ್ಯುತ್ತು ಮೊದಲ ದೀಪದಿಂದ ಕೊನೆಯ ದೀಪದವರೆಗೆ ಹರಿಯಬೇಕು. ಒಂದು ದೀಪದ ತಂತು ಕಡಿದರೆ ಬೀದಿಯೆಲ್ಲ ಕತ್ತಲೆ. ಇದಕ್ಕೆ ಪರಿಹಾರವಾಗಿ ಹೋಲ್ಡರಿನ ಎರಡು ಲೋಹದ ಪಟ್ಟಿಗಳ ನಡುವೆ ಒಂದು ತೆಳುವಾದ ಬಿಲ್ಲೆಯನ್ನಿಡುತ್ತಿದ್ದರು. ದೀಪ ಉರಿಯುತ್ತಿರುವವರೆಗೆ ಬಿಲ್ಲೆಯು ಪಟ್ಟಿಗಳನ್ನು ಬೇರೆಯಾಗಿರಿಸುತ್ತದೆ. ತಂತು ಕಡಿದೊಡನೆ ಒತ್ತಡವೆಲ್ಲ ಬಿಲ್ಲೆಯ ಮೇಲೆ ಬಿದ್ದು ಅದು ತೂತಾಗುತ್ತದೆ. ವಿದ್ಯುತ್ತು ಮುಂದೆ ಸಾಗುತ್ತದೆ. ಆರಿದ ದೀಪ ತಾನು ಆರಿದರೂ ಇತರ ದೀಪಗಳನ್ನು ಆರಿಸುವುದಿಲ್ಲ. ಅಂಥ ತೂತಾದ ಬಿಲ್ಲೆಯೊಂದು ಸಂಗ್ರಹಕಾರನ ಕೈಗೆ ಸಿಕ್ಕರೆ, ಎಂದೋ ಒಂದು ರಾತ್ರಿ ಈ ದೀಪ ಆರಿತು, ಆದರೆ ಬೀದಿ ಆರಲಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಗೂಡನ್ನು ಗುಜರಿಗೆ ಹಾಕಿದ್ದರೆ ಆ ಸಾಕ್ಷಿಯೂ ಕರಗಿಹೋಗುತ್ತಿತ್ತು.

ಆದುದರಿಂದ ಸಂಗ್ರಹವೆಲ್ಲ ಲೋಭವೆನ್ನಲಾಗದು. ಆದರೆ ಅಷ್ಟಕ್ಕೇ ಅದು ನಿರ್ದೋಷವೂ ಆಗದು. ಲಾಸ್ ಏಂಜಲೀಸ್ ನಗರವೊಂದೇ 2009ರಿಂದ ಮೊದಲ್ಗೊಂಡು ಕೆಲವೇ ವರ್ಷಗಳಲ್ಲಿ ಲಕ್ಷಕ್ಕೂ ಮಿಕ್ಕಿ ಹಳೆಯ ಗೂಡುಗಳನ್ನು ಇಳಿಸಿ ಎಲ್.ಇ.ಡಿ. ದೀಪಗಳನ್ನು ಏರಿಸಿತು. ಇಳಿದವುಗಳನ್ನು ನ್ಯಾಯವಾಗಿ ಬೇಡಿ ಪಡೆಯಬಹುದು, ಕೊಳ್ಳಬಹುದು. ಆದರೆ ಅಪರೂಪದ ವಸ್ತುವಿಗೆ ಬೆಲೆ ಬಂದಲ್ಲಿ ಕಂಬವೇರುವ ಕಳ್ಳನೂ ಹುಟ್ಟುತ್ತಾನೆ. ಇದು ಎಲ್ಲಿಂದ ಬಂತು ಎಂದು ಕೇಳದೆ ಕೊಂಡವನು ಒಂದು ಬೀದಿಯ ಕತ್ತಲೆಯಲ್ಲಿ ಪಾಲುದಾರನಾಗುತ್ತಾನೆ. ಇನ್ನೊಂದು ಹೊಣೆಯೂ ಉಂಟು. ಹಳೆಯ ಕೆಪ್ಯಾಸಿಟರುಗಳಲ್ಲಿ, ಅಮೆರಿಕವು 1979ರಲ್ಲಿ ನಿಷೇಧಿಸಿದ ಪಿ.ಸಿ.ಬಿ. ಎಂಬ ವಿಷದ್ರವ್ಯವಿರಬಹುದು, ಬಲ್ಬುಗಳಲ್ಲಿ ಪಾದರಸವಿದೆ. ವಸ್ತುವಿನ ಅಂದವನ್ನು ಇಟ್ಟುಕೊಂಡು ಅದರ ವಿಷವನ್ನು ಊರಿನ ನೆಲಕ್ಕೆ ಸುರಿಯುವುದು ಪ್ರೀತಿಯಲ್ಲ.

ಇಷ್ಟೆಲ್ಲ ಶುದ್ಧವಾಗಿದ್ದರೂ ಮೂಲಪ್ರಶ್ನೆ ಉಳಿಯುತ್ತದೆ: ದೀಪವನ್ನು ಕಪಾಟಿನಲ್ಲಿಡಬಹುದೇ? ಕ್ರಿಸ್ ಬರ್ಡನ್ ಎಂಬ ಕಲಾವಿದನು 2000ನೆಯ ಇಸವಿಯಲ್ಲಿ ಸಂತೆಯೊಂದರಲ್ಲಿ ಎರಡು ಹಳೆಯ ಬೀದಿದೀಪಗಳನ್ನು ಕೊಂಡನು. ಅನಂತರ ಸಂಗ್ರಹಿಸುತ್ತಲೇ ಹೋದನು. 2008ರಲ್ಲಿ ಲಾಸ್ ಏಂಜಲೀಸಿನ ಕಲಾಸಂಗ್ರಹಾಲಯದ ಮುಂದೆ ಅಂಥ 202 ಎರಕದ ಕಬ್ಬಿಣದ ದೀಪಗಳು ಸಾಲುಸಾಲಾಗಿ ನಿಂತು ಬೆಳಗಿದವು. ಆದರೆ ನಿಲ್ಲಿಸುವ ಮುನ್ನ ಅವುಗಳ ಹಳೆಯ ಬಣ್ಣವನ್ನು ಕೆರೆದು ಎಲ್ಲಕ್ಕೂ ಒಂದೇ ಬೂದುಬಣ್ಣ ಬಳಿದಿದ್ದನು. ನಿಷ್ಠ ಸಂಗ್ರಹಕಾರನಿಗೆ ಇದು ನೋವಿನ ಸಂಗತಿ. ಅವನು ಹಳೆಯ ಲೇಪವನ್ನೂ ಚೀಟಿಯನ್ನೂ ಗೀರನ್ನೂ ಹಾಗೆಯೇ ಉಳಿಸುತ್ತಾನೆ. ಆದರೆ ಅವನ ದೀಪ ಯಾರ ದಾರಿಯನ್ನೂ ಬೆಳಗುವುದಿಲ್ಲ. ಒಬ್ಬನಲ್ಲಿ ಬೆಳಕು ಉಳಿಯಿತು, ಗುರುತು ಅಳಿಯಿತು. ಇನ್ನೊಬ್ಬನಲ್ಲಿ ಗುರುತು ಉಳಿಯಿತು, ಬೆಳಕು ನಿಂತಿತು. ಯಾರ ಮಾರ್ಗ ಮೇಲು?

ನಮಗೆ ತೋರುವುದಿಷ್ಟು. ಸಂಗ್ರಹಕಾರನು ತನ್ನ ದೀಪದಿಂದ ಬೀದಿಯನ್ನು ಬೆಳಗಬೇಕಾಗಿಲ್ಲ. ಬೀದಿಗೆ ಹೊಸ ದೀಪಗಳಿವೆ. ಆದರೆ ದೀಪವನ್ನು ಬಿಚ್ಚಿ ತಾನು ಕಂಡುದನ್ನು ಕಂಡವರಿಗೆಲ್ಲ ತೋರಿಸುವ, ಕೇಳಿದವರಿಗೆ ಹೇಳುವ ಸಾಲ ಅವನ ಮೇಲಿದೆ. ಏಕೆಂದರೆ ಆ ವಸ್ತು ಅವನ ಬಳಿಗೆ ಬರುವ ಮೊದಲು ಬಡವ ಬಲ್ಲಿದ, ಪರಿಚಿತ ಅಪರಿಚಿತ ಎನ್ನದೆ ಹಾದುಹೋದವರಿಗೆಲ್ಲ ಬೆಳಕು ಕೊಟ್ಟಿದೆ. ಅಂಥದಕ್ಕೆ ಕಾವಲುಗಾರನಿರಬಹುದು, ಒಡೆಯನಿರಲಾಗದು. ತನ್ನ ಕಾಲಾನಂತರ ಅದು ಯಾರ ಕೈ ಸೇರಬೇಕೆಂದು ಈಗಲೇ ಗೊತ್ತುಮಾಡುವವನು ಕಾವಲುಗಾರ. ತನ್ನೊಡನೆಯೇ ಅದೂ ಮುಗಿಯಲೆಂದು ಬೀಗ ಹಾಕುವವನು ಲೋಭಿ. ಇಬ್ಬರ ಕಪಾಟುಗಳೂ ನೋಟಕ್ಕೆ ಒಂದೇ ತೆರನಾಗಿರಬಹುದು.

ಆ ಸಣ್ಣ ಬಿಲ್ಲೆಯನ್ನು ಮತ್ತೊಮ್ಮೆ ನೆನೆಯೋಣ. ದೀಪ ಉರಿಯುವಷ್ಟು ಕಾಲ ಅದು ವಿದ್ಯುತ್ತನ್ನು ದೀಪಕ್ಕೆ ತಿರುಗಿಸಿತು. ಕಾಲ ಬಂದಾಗ ತಾನೇ ಹರಿದು ದಾರಿ ಬಿಟ್ಟಿತು. ನಮ್ಮ ಕೈಗೆ ಬಂದ ಯಾವ ಸಂಪತ್ತನ್ನಾದರೂ, ಅದು ಹಣವಾಗಲಿ ವಿದ್ಯೆಯಾಗಲಿ ಹಳೆಯ ದೀಪವಾಗಲಿ, ಹಾಗೆ ಹಿಡಿದು ಹಾಗೆ ಬಿಡಬಲ್ಲೆವಾದರೆ ಸಂಗ್ರಹವು ದೋಷವಲ್ಲ.