ಕಾವ್ಯವನ್ನು ಓದುವ ಕ್ರಮ: ರಾಮಧಾನ್ಯಚರಿತ್ರೆಯ ನಿದರ್ಶನ

॥ ಶ್ರೀಃ ॥



ದಾಸವರೇಣ್ಯರ ಕೀರ್ತನೆಗಳನ್ನು ಹಾಡಬಲ್ಲವರು ನಮ್ಮಲ್ಲಿ ಅನೇಕರಿರುವರು. ಆದರೆ ದಾಸರ ಕಾವ್ಯವೊಂದನ್ನು ಮೊದಲಿನಿಂದ ಕೊನೆಯವರೆಗೆ ಕುಳಿತು ಓದಿದವರು ವಿರಳ. “ಓದಿದರೂ ಅರ್ಥವಾಗದು, ಸಾರಾಂಶ ಹೇಳಿಬಿಡಿ, ಸಾಕು” ಎನ್ನುವವರೂ ಉಂಟು. ಅರ್ಥವಾಗದಿರುವುದಕ್ಕೆ ಬುದ್ಧಿಯ ಕೊರತೆ ಕಾರಣವಲ್ಲ. ಓದುವ ಕ್ರಮದ ಪರಿಚಯವಿಲ್ಲದಿರುವುದೇ ಕಾರಣ. ಆ ಕ್ರಮವಾದರೋ ನಮಗೆ ಹೊಸತೇನಲ್ಲ. ಪಾಠಶಾಲೆಯಲ್ಲಿ ಶಾಸ್ತ್ರಗ್ರಂಥಗಳನ್ನು ಓದುವಾಗ ಅನುಸರಿಸುವ ಕ್ರಮವನ್ನೇ ಕನ್ನಡ ಕಾವ್ಯಕ್ಕೂ ಅನ್ವಯಿಸಬಹುದು. ಶ್ರೀ ಕನಕದಾಸರ ‘ರಾಮಧಾನ್ಯಚರಿತ್ರೆ’ಯನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ಸ್ವಲ್ಪ ವಿಚಾರ ಮಾಡೋಣ.

೧೬ನೆಯ ಶತಮಾನದ ಈ ಕೃತಿಯ ಕಥೆಯು ಚಿಕ್ಕದು. ಲಂಕೆಯಿಂದ ಹಿಂದಿರುಗುತ್ತಿರುವ ಶ್ರೀರಾಮಚಂದ್ರನು ಋಷ್ಯಾಶ್ರಮದಲ್ಲಿ ತಂಗುತ್ತಾನೆ. ಧಾನ್ಯಗಳಲ್ಲಿ ಶ್ರೇಷ್ಠವಾದುದು ಯಾವುದೆಂಬ ಪ್ರಶ್ನೆ ಅಲ್ಲಿ ಏಳುತ್ತದೆ. ಗೌತಮ ಮಹರ್ಷಿಗಳು ನರೆದಲೆಗನನ್ನು, ಎಂದರೆ ರಾಗಿಯನ್ನು, ಎತ್ತಿ ಹಿಡಿಯುವರು. ವ್ರೀಹಿಯು, ಎಂದರೆ ಭತ್ತವು, ಇದನ್ನು ಸಹಿಸುವುದಿಲ್ಲ. ವಾದವು ಬೆಳೆಯುತ್ತದೆ. ಶ್ರೀರಾಮನು ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿರಿಸುವಂತೆ ಆಜ್ಞಾಪಿಸುವನು. ಅವಧಿ ಮುಗಿದಾಗ ವ್ರೀಹಿಯು ಕಂದಿರುವನು. ನರೆದಲೆಗನು ಕುಂದದೆ ನಿಂತಿರುವನು. ಪ್ರಭುವು ಅವನಿಗೆ ‘ರಾಘವ’ ಎಂಬ ತನ್ನ ಹೆಸರನ್ನೇ ದಯಪಾಲಿಸುವನು.

ಮೊದಲನೆಯದು ವಾಚನ. ಕಾವ್ಯವನ್ನು ಕಣ್ಣಿನಿಂದ ಮಾತ್ರ ಓದತಕ್ಕದ್ದಲ್ಲ. ಬಾಯಿಂದ ಓದಿ ಕಿವಿಯಿಂದ ಕೇಳತಕ್ಕದ್ದು. ಈ ಕೃತಿಯು ಭಾಮಿನೀ ಷಟ್ಪದಿಯಲ್ಲಿದೆ. ಆರು ಪಾದಗಳ ಪೈಕಿ ಒಂದು, ಎರಡು, ನಾಲ್ಕು, ಐದನೆಯ ಪಾದಗಳಲ್ಲಿ ಮೂರು ಮತ್ತು ನಾಲ್ಕು ಮಾತ್ರೆಯ ಗಣಗಳು ಎರಡಾವರ್ತಿ ಬಂದು ೧೪ ಮಾತ್ರೆಗಳಾಗುವುವು. ಮೂರು ಮತ್ತು ಆರನೆಯ ಪಾದಗಳಲ್ಲಿ ಅದೇ ಗಣಗಳು ಮೂರಾವರ್ತಿ ಬಂದು, ಕೊನೆಗೊಂದು ಗುರು ಸೇರಿ ೨೩ ಮಾತ್ರೆಗಳಾಗುವುವು. ಹೀಗೆ ಪದ್ಯವೊಂದಕ್ಕೆ ೧೦೨ ಮಾತ್ರೆಗಳು. ಈ ಲೆಕ್ಕವು ಪರೀಕ್ಷೆಗಾಗಿ ಕಂಠಪಾಠ ಮಾಡುವುದಕ್ಕೆ ಇರುವುದಲ್ಲ. ಅಂಗೈಯ ಮೇಲೆ ಬೆರಳಿನಿಂದ ಮೂರು-ನಾಲ್ಕು, ಮೂರು-ನಾಲ್ಕು ಎಂದು ತಟ್ಟುತ್ತ ಒಂದು ಪದ್ಯವನ್ನು ಓದಿ ನೋಡಿದರೆ, ನಾಲಗೆಯು ತಾನಾಗಿಯೇ ದಾರಿಯನ್ನು ಹಿಡಿಯುತ್ತದೆ. ಪ್ರತಿಪಾದದ ಎರಡನೆಯ ಅಕ್ಷರದಲ್ಲಿ ಪ್ರಾಸವಿರುವುದರಿಂದ, ಅದು ತಪ್ಪಿದ ಕಡೆಯಲ್ಲಿ ನಮ್ಮ ಉಚ್ಚಾರವೋ ಮುದ್ರಣವೋ ತಪ್ಪಿರಬೇಕೆಂದು ಎಚ್ಚರಗೊಳ್ಳಬಹುದು.

ಎರಡನೆಯದು ಪದಚ್ಛೇದ ಮತ್ತು ಅನ್ವಯ. ಷಟ್ಪದಿಯಲ್ಲಿ ಪಾದವು ಮುಗಿದಲ್ಲಿ ಶಬ್ದವು ಮುಗಿಯಬೇಕೆಂಬ ನಿಯಮವಿಲ್ಲ; ಒಂದು ಪಾದದಲ್ಲಿ ಆರಂಭವಾದ ಶಬ್ದವು ಮುಂದಿನ ಪಾದಕ್ಕೆ ಹರಿಯುವುದುಂಟು. ಪಾದಾಂತದಲ್ಲಿ ನಿಂತುಬಿಟ್ಟರೆ ಶಬ್ದವು ತುಂಡಾಗುತ್ತದೆ. ಶಬ್ದವನ್ನೇ ಹಿಡಿದು ಹೊರಟರೆ ಲಯವು ಕೆಡುತ್ತದೆ. ಆದುದರಿಂದಲೇ ಗಮಕ ಸಂಪ್ರದಾಯದಲ್ಲಿ ವಾಚನಕಾರರೊಬ್ಬರು, ವ್ಯಾಖ್ಯಾನಕಾರರೊಬ್ಬರು ಇರುವುದು. ಮನೆಯಲ್ಲಿ ಓದುವವನು ಈ ಇಬ್ಬರ ಕೆಲಸವನ್ನೂ ತಾನೇ ಮಾಡಬೇಕು: ಒಮ್ಮೆ ಲಯಕ್ಕಾಗಿ, ಒಮ್ಮೆ ಪದಗಳಿಗಾಗಿ.

ಪದವನ್ನು ಬಿಡಿಸಿದರೆ ಏನು ದೊರೆಯುವುದೆಂಬುದಕ್ಕೆ ‘ನರೆದಲೆಗ’ ಎಂಬ ಒಂದು ಶಬ್ದವೇ ಸಾಕ್ಷಿ. ನರೆ ಮತ್ತು ತಲೆ ಎಂಬೆರಡು ಪದಗಳು ಕೂಡಿ, ತಕಾರಕ್ಕೆ ದಕಾರವು ಆದೇಶವಾಗಿ ಬಂದಿದೆ. ನರೆತ ತಲೆಯುಳ್ಳವನು ಎಂದರ್ಥ. ಬಿಡಿಸದೆ ಓದಿದವನಿಗೆ ಇದೊಂದು ಧಾನ್ಯದ ಹಳೆಯ ಹೆಸರು. ಬಿಡಿಸಿ ಓದಿದವನ ಕಣ್ಣಿಗೆ ತಲೆ ನರೆತ ಹಿರಿಯನೊಬ್ಬನು ಸಭೆಯಲ್ಲಿ ನಿಂತಂತೆ ಕಾಣುವುದು. ಎದುರಿಗೆ ನಿಂತವನ ಹೆಸರು ಸಂಸ್ಕೃತದ ‘ವ್ರೀಹಿ’, ಇವನದು ಅಚ್ಚಗನ್ನಡ. ವಾದವು ಆರಂಭವಾಗುವ ಮೊದಲೇ ಹೆಸರುಗಳಲ್ಲಿ ಎರಡು ಲೋಕಗಳು ಎದುರುಬದುರಾಗಿರುವುವು.

ಮೂರನೆಯದು, ಮಾತು ಯಾರದೆಂಬ ವಿವೇಕ. ಶಾಸ್ತ್ರದಲ್ಲಿ ಪೂರ್ವಪಕ್ಷವನ್ನು ಸಿದ್ಧಾಂತವೆಂದು ಭ್ರಮಿಸುವವನು ಗ್ರಂಥಕರ್ತರಿಗೆ ಅಪಚಾರವೆಸಗಿದಂತೆಯೇ ಸರಿ. ಕಾವ್ಯದಲ್ಲಿಯೂ ಹಾಗೆಯೇ. ತಾನು ದೇವತಾಕಾರ್ಯಗಳಿಗೂ ಶುಭಕಾರ್ಯಗಳಿಗೂ ಸಲ್ಲುವವನೆಂದು ಹೇಳಿಕೊಂಡು ವ್ರೀಹಿಯು ಎದುರಾಳಿಯನ್ನು ಹೀನನೆಂದು ಜರೆಯುವನು. ಅದು ವ್ರೀಹಿಯ ಮಾತು, ದಾಸರ ಮಾತಲ್ಲ. ನೀನು ಉಳ್ಳವರ ಮನೆಯವನು, ನಾನು ಬಡವರನ್ನು ಪೊರೆಯುವವನು ಎಂಬುದು ನರೆದಲೆಗನ ಉತ್ತರ. ಅದೂ ವಾದಿಯ ಮಾತೇ. ನಿರ್ಣಯವೆಲ್ಲಿದೆಯೆಂದು ಹುಡುಕಬೇಕು.

ಅದನ್ನು ಹುಡುಕುವ ಬಗೆಯನ್ನೂ ಹಿರಿಯರು ತಿಳಿಸಿಕೊಟ್ಟಿರುವರು. ಉಪಕ್ರಮ-ಉಪಸಂಹಾರಗಳು, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ ಎಂಬ ಆರು ತಾತ್ಪರ್ಯಲಿಂಗಗಳು ವಾಚಕರಿಗೆ ಪರಿಚಿತವೇ ಆಗಿವೆ. ಇವುಗಳಲ್ಲಿ ಎರಡನ್ನು ಮಾತ್ರ ಇಲ್ಲಿ ತೆಗೆದುಕೊಳ್ಳೋಣ. ಉಪಕ್ರಮದಲ್ಲಿರುವುದು ಶ್ರೇಷ್ಠರಾರೆಂಬ ಪ್ರಶ್ನೆ. ಉಪಸಂಹಾರದಲ್ಲಿರುವುದು ಹೆಸರಿನ ಅನುಗ್ರಹ. ‘ರಾಮಧಾನ್ಯ’ ಎಂಬುದರ ವಿಗ್ರಹವು ‘ರಾಮನ ಧಾನ್ಯ’ ಎಂದು. ಶ್ರೇಷ್ಠತೆಯು ಪ್ರಭುವಿನ ಅಂಗೀಕಾರದಿಂದ ಬಂದುದೇ ಹೊರತು ತಾನೇ ಹೇಳಿಕೊಂಡುದರಿಂದ ಬಂದುದಲ್ಲವೆಂದು ಗ್ರಂಥದ ಹೆಸರೇ ಸಾರುತ್ತದೆ. ರಾಘವ ಶಬ್ದದಿಂದ ‘ರಾಗಿ’ ಬಂತೆಂಬುದನ್ನು ಶಬ್ದಶಾಸ್ತ್ರದ ನಿರ್ಣಯವೆಂದು ತಿಳಿಯಬೇಕಾಗಿಲ್ಲ. ಅದು ಕವಿಯ ಭಾವದ ನಿರ್ವಚನ.

ಇನ್ನು ಉಪಪತ್ತಿ. ಸೆರೆವಾಸದ ಪರೀಕ್ಷೆಯು ಕೇವಲ ಕಲ್ಪನೆಯಲ್ಲ. ರಾಗಿಯ ಕಾಳು ಅತಿ ಸಣ್ಣದು. ಹುಳುಗಳು ಅದನ್ನು ಸುಲಭವಾಗಿ ಕೆಡಿಸಲಾರವು. ಆದುದರಿಂದಲೇ ನಮ್ಮ ನಾಡಿನ ರೈತರು ಅದನ್ನು ನೆಲದೊಳಗಿನ ಹಗೇವುಗಳಲ್ಲಿ ವರ್ಷಗಟ್ಟಲೆ ಇರಿಸಿ, ಬರಗಾಲದಲ್ಲಿ ತೆಗೆದು ಜೀವ ಉಳಿಸಿಕೊಂಡುದು. ರೈತನು ಹಗೇವಿನಲ್ಲಿ ಕಂಡ ಸತ್ಯವನ್ನು ದಾಸರು ಶ್ರೀರಾಮನ ಆಸ್ಥಾನದಲ್ಲಿ ಪ್ರಮಾಣವನ್ನಾಗಿ ಮಾಡಿರುವರು. ಕಾವ್ಯವನ್ನು ತಿಳಿಯಲು ಕೋಶವೊಂದೇ ಸಾಲದು, ಹೊಲವನ್ನೂ ಬಲ್ಲವರ ಮಾತು ಬೇಕು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇಷ್ಟಾದ ಮೇಲೆ ಸಾರಾಂಶದ ಪ್ರಶ್ನೆಗೆ ಬರೋಣ. “ದರ್ಪ ಕೂಡದು” ಎಂದು ಎರಡು ಮಾತುಗಳಲ್ಲಿ ಸಾರಾಂಶವನ್ನು ಹೇಳಿಬಿಡಬಹುದು. ಹಾಗಾದರೆ ದಾಸರು ೧೫೦ಕ್ಕೂ ಮೇಲ್ಪಟ್ಟ ಪದ್ಯಗಳನ್ನು ಏತಕ್ಕಾಗಿ ರಚಿಸಿದರು? ದರ್ಪ ಕೂಡದೆಂಬುದನ್ನು ನಾವೆಲ್ಲರೂ ಬಲ್ಲೆವು. ನಮ್ಮಲ್ಲಿ ದರ್ಪವಿದೆಯೆಂಬುದನ್ನು ಮಾತ್ರ ಅರಿಯೆವು. ಸಾರಾಂಶವು ಮೊದಲನೆಯದನ್ನು ಹೇಳೀತು. ಎರಡನೆಯದನ್ನು ಕಾವ್ಯವೇ ತೋರಿಸಬೇಕು.

ಇಲ್ಲಿ ನಾವು ಒಂದು ಮಾತನ್ನು ಮರೆಮಾಚಲಾಗದು. ದೇವರ ನೈವೇದ್ಯಕ್ಕೆ ನಾವು ಇಡುವುದು ಅಕ್ಕಿಯ ಅನ್ನವನ್ನು. ಮಂತ್ರಾಕ್ಷತೆಗೆ ಬೇಕಾಗುವುದು ಅಕ್ಕಿಯೇ. ನಮ್ಮ ಎಲೆಯ ನಡುವೆ ಕೂಡುವವನೂ ವ್ರೀಹಿಯೇ. ಅವನು ತನ್ನ ಪಾವಿತ್ರ್ಯವನ್ನು ಎಣಿಸಿಕೊಳ್ಳುವಾಗ, ಓದುವ ನಮ್ಮ ತಲೆಯು ಅರಿವಿಲ್ಲದೆಯೇ ತೂಗುವುದುಂಟು. ತೂಗಿದ ತಲೆಯನ್ನು ದಾಸರು ಆರು ತಿಂಗಳ ತರುವಾಯ ಸಭೆಯ ಮುಂದೆ ನಿಲ್ಲಿಸುವರು. ಯಾರ ಮಾತಿಗೆ ನಾವು ಒಳಗೊಳಗೆ ಹೌದೆಂದೆವು, ಯಾರ ಮಾತು ಕೇಳಿ ಮುಖ ತಿರುಗಿಸಿದೆವು ಎಂಬುದನ್ನು ಓದುಗನು ತನ್ನಲ್ಲಿ ತಾನೇ ಗುರುತಿಸಿಕೊಂಡನಾದರೆ, ಅವನು ಕಾವ್ಯವನ್ನು ಓದಿದನು. ಇಲ್ಲವಾದರೆ, ಹಾಳೆಗಳನ್ನು ಮಗುಚಿದನು, ಅಷ್ಟೆ.

ಮತ್ತೊಂದು ಅಂಶವು ಗಮನಾರ್ಹವಾದುದು. ಸರ್ವಜ್ಞನಾದ ಶ್ರೀರಾಮನಿಗೆ ನಿರ್ಣಯವು ತಿಳಿಯದ ವಿಷಯವೆ? ಆದರೂ ಆತನು ಒಡನೆ ತೀರ್ಪು ಕೊಡಲಿಲ್ಲ. ಗರ್ವಿಯನ್ನು ಮಾತ್ರ ಸೆರೆಗೆ ಕಳುಹಿಸಲಿಲ್ಲ. ಇಬ್ಬರನ್ನೂ ಸಮಾನವಾಗಿ ಪರೀಕ್ಷೆಗೆ ಒಡ್ಡಿ ಕಾದನು. ಓದುವವನಿಗೆ ಇದಕ್ಕಿಂತ ದೊಡ್ಡ ಪಾಠವಿಲ್ಲ. ಪದ್ಯವೊಂದು ಕಠಿನವೆನಿಸಿದಾಗ ‘ಇದು ಇಷ್ಟೇ’ ಎಂದಾಗಲಿ, ‘ಇದು ನಮ್ಮ ಮತಕ್ಕೆ ಅನುಕೂಲ, ಇದು ಪ್ರತಿಕೂಲ’ ಎಂದಾಗಲಿ ಒಡನೆ ತೀರ್ಮಾನಿಸಬಾರದು. ಸೆರೆಯಲ್ಲಿರಿಸಬೇಕಾದುದು ನಮ್ಮ ಆತುರವನ್ನು. ತಿಳಿದ ಪದ್ಯವನ್ನೂ ತಿಳಿಯದ ಪದ್ಯವನ್ನೂ ಮನಸ್ಸಿನಲ್ಲಿ ಒಟ್ಟಿಗೆ ಇಟ್ಟುಕೊಂಡು, ಕೆಲವು ಕಾಲ ಕಳೆದ ಮೇಲೆ ಮತ್ತೆ ಬಾಯಿಬಿಟ್ಟು ಓದಬೇಕು. ಮೊದಲ ಓದಿನಲ್ಲಿ ಹೊಳೆದು, ಕಾಲ ಕಳೆದಂತೆ ಕಂದುವ ಅರ್ಥವು ಒಂದು. ಆಗ ಸಪ್ಪೆಯೆಂದು ತೋರಿ, ಬರಗಾಲದಲ್ಲಿ ಹಗೇವಿನಿಂದೆದ್ದು ಬರುವ ಅರ್ಥವು ಇನ್ನೊಂದು.

ಆದುದರಿಂದ ಮಹನೀಯರು ದಿನಕ್ಕೊಂದೇ ಷಟ್ಪದಿಯನ್ನಾದರೂ ಮನೆಯ ಮಕ್ಕಳೊಡನೆ ಕುಳಿತು ಓದತಕ್ಕದ್ದು. ಒಬ್ಬರು ಲಯವಾಗಿ ವಾಚಿಸಲಿ, ಒಬ್ಬರು ಪದಗಳನ್ನು ಬಿಡಿಸಲಿ, ‘ಈ ಮಾತನ್ನು ಆಡಿದವರಾರು?’ ಎಂದು ಮಕ್ಕಳು ಕೇಳಲಿ. ಕೊನೆಗೆ ಎಲ್ಲರೂ ಕೂಡಿ ಅದೇ ಪದ್ಯವನ್ನು ಮತ್ತೊಮ್ಮೆ ಹೇಳಲಿ. ಕಾಗಿನೆಲೆಯ ಆದಿಕೇಶವನು ಓದುವವರಿಗೆ ತಾಳ್ಮೆಯನ್ನೂ ತಿಳಿವನ್ನೂ ಕರುಣಿಸಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥